ಮರಿ ಬರಲಿಲ್ಲ, ಮುಂಗಡ ಮುಕ್ಕಾಲು ಬಂತು

ಲ್ಯಾಬ್ರಡಾರ್ ಹೆಣ್ಣುಮರಿ ಬೇಕು ಅಂತ, ನಾಯಿ ಸಾಕಿ ಮರಿ ಮಾರುವ ಒಬ್ಬ ಬ್ರೀಡರ್ ಹತ್ತಿರ ಮುಂಗಡ ಕೊಟ್ಟಿದ್ದೆ. ಮರಿ ಬರಲಿಲ್ಲ. ಕೊಟ್ಟ ದುಡ್ಡಲ್ಲಿ ಮುಕ್ಕಾಲು ಪಾಲು ವಾಪಸ್ ಬಂದಿದೆ, ಕಾಲು ಪಾಲು ಬಾಕಿ. ಅವರ ಹೆಸರು ಹಾಕುತ್ತಿಲ್ಲ. ಸಾಲದಲ್ಲಿ ಸಿಕ್ಕಿಕೊಂಡಿದ್ದಾರೆ, ಆದರೂ ತೀರಿಸುತ್ತಿದ್ದಾರೆ. ಮುಂಗಡ ಕೊಟ್ಟು ಕಾಯುತ್ತಾ ಕೂತವರಿಗೆ ನನ್ನ ಅನುಭವ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ನಾಯಿ ನೋಡಿಕೊಳ್ಳುವುದರಲ್ಲಿ ಅವರಿಗೆ ಪೂರ್ತಿ ಅಂಕ. ನಾನು ಹೋದ ದಿನ ಅಲ್ಲಿ ಬೇರೊಂದು ತಾಯಿ ಎಂಟು ಮರಿ ಹಾಕಿ ವಾರ ಕಳೆದಿತ್ತು. ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಪೆಟ್ಟಿಗೆಯ ಒಳಗೆ ಸುತ್ತಲೂ ಮರದ ಪಟ್ಟಿ ಹೊಡೆಸಿದ್ದರು. ತಾಯಿ ಒರಗಿ ಮಲಗಿದಾಗ ಮರಿ ಅದರ ಬೆನ್ನಿಗೂ ಗೋಡೆಗೂ ನಡುವೆ ಸಿಕ್ಕಿ ಸಾಯಬಾರದು ಅಂತ. ಒಂದೊಂದು ಮರಿಯ ಕುತ್ತಿಗೆಗೂ ಒಂದೊಂದು ಬಣ್ಣದ ಉಲ್ಲನ್ ದಾರ. ಬೆಳಿಗ್ಗೆ, ಸಂಜೆ ತೂಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಹಸಿರು ದಾರದ ಮರಿ ಹಿಂದಿನ ದಿನಕ್ಕಿಂತ ಎಂಟು ಗ್ರಾಂ ಕಡಿಮೆ ಇತ್ತು. ತಕ್ಷಣ ಅದನ್ನು ಎತ್ತಿ ತಾಯಿಯ ಹಿಂದಿನ ಮೊಲೆಗೆ ಹಿಡಿದರು, ಅಲ್ಲಿ ಹಾಲು ಜಾಸ್ತಿ ಅಂತ. ಅದು ಹಾಲು ಕುಡಿಯಲು ಶುರು ಮಾಡುವವರೆಗೂ ನನ್ನ ಜೊತೆ ಒಂದು ಮಾತಾಡಲಿಲ್ಲ.

ಆ ನೋಟ್‌ಬುಕ್ ನೋಡಿಯೇ ನನಗೆ ನಂಬಿಕೆ ಬಂದದ್ದು. ಅವತ್ತೇ ದುಡ್ಡು ಕೊಟ್ಟೆ. ಅರ್ಧ ಕಾರ್ಡಿನಲ್ಲಿ, ಅರ್ಧ ಅವರ ಖಾತೆಗೆ. ರಸೀದಿ ಕೇಳಿದಾಗ ಕೈಯಲ್ಲೇ ಬರೆದುಕೊಟ್ಟರು. ಕೆಳಗೆ ಇನ್ನೊಂದು ಸಾಲು ಸೇರಿಸಿ ಅಂತ ನಾನೇ ಹೇಳಿದೆ: ‘ಈ ಸಲ ಹೆಣ್ಣುಮರಿ ಸಿಗದಿದ್ದರೆ ಮುಂಗಡ ಪೂರ್ತಿ ವಾಪಸ್.’ ಮುಂದೆ ನನ್ನ ಕೈ ಹಿಡಿದದ್ದು ಆ ಸಾಲು.

ನನಗೆ ಮರಿ ಕೊಡಬೇಕಿದ್ದ ನಾಯಿಗೆ ಜೋಡಿ ಮಾಡಿಸಿ ನಾಲ್ಕು ವಾರಕ್ಕೆ ಸ್ಕ್ಯಾನ್ ಮಾಡಿಸಿದರು. ‘ಗಬ್ಬ ನಿಂತಿಲ್ಲಮ್ಮಾ’ ಅಂತ ಮೆಸೇಜ್ ಬಂತು. ಅದು ಯಾರ ತಪ್ಪೂ ಅಲ್ಲ. ‘ಮುಂದಿನ ಬೆದೆಗೆ ನೋಡೋಣ, ದುಡ್ಡು ನನ್ನ ಹತ್ತಿರವೇ ಇರಲಿ’ ಅಂದರು. ದಾಕ್ಷಿಣ್ಯಕ್ಕೆ ಹೂಂ ಅಂದುಬಿಟ್ಟೆ. ರಾತ್ರಿ ಕೂತು ಲೆಕ್ಕ ಹಾಕಿದೆ. ಬೆದೆ ಬರುವುದು ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ. ಗಬ್ಬ ಸುಮಾರು 63 ದಿನ. ಆಮೇಲೆ ಮರಿ ಎಂಟು ವಾರವಾದರೂ ತಾಯಿ ಜೊತೆ ಇರಬೇಕು. ಏನಿಲ್ಲ ಅಂದರೂ ಒಂಬತ್ತು ತಿಂಗಳು. ಅಷ್ಟು ದಿನ ಬಡ್ಡಿಯಿಲ್ಲದ ಸಾಲ ಕೊಟ್ಟ ಹಾಗೆ ಅಲ್ವಾ?

ಮಾರನೆಯ ದಿನ ಫೋನ್ ಮಾಡಿ, ‘ಬೇಜಾರು ಮಾಡ್ಕೋಬೇಡಿ ಮೇಡಂ, ವಾಪಸ್ ಕೊಟ್ಟುಬಿಡಿ’ ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ನಿಜ ಹೇಳಿದರು. ಒಂದು ನಾಯಿಗೆ ಆಪರೇಷನ್ ಮಾಡಿ ಮರಿ ತೆಗೆಸಬೇಕಾಗಿತ್ತು. ಆ ಮರಿಗಳಿಗೆ ಪಾರ್ವೋ ಅನ್ನುವ ವಾಂತಿ-ಭೇದಿಯ ವೈರಸ್ ರೋಗ ಬಂತು. ಡಾಕ್ಟರ್ ಬಿಲ್ಲಿಗೆ ನನ್ನದೂ ಸೇರಿ ಏಳು ಜನರ ಮುಂಗಡ ಹೋಗಿತ್ತು. ‘ನಾನು ಓಡಿಹೋಗೋಳಲ್ಲ ಕಣಮ್ಮಾ’ ಅಂದರು. ಆ ಮಾತನ್ನು ನಂಬಿದೆ, ಈಗಲೂ ನಂಬುತ್ತೇನೆ. ಆದರೆ ಮರಿ ಕೈಗೆ ಕೊಡುವವರೆಗೆ ಮುಂಗಡ ಅವರದಲ್ಲ. ಅದನ್ನು ಮುಟ್ಟದೆ ಬೇರೆ ಇಡಬೇಕಿತ್ತು. ಒಂದೊಂದು ಗ್ರಾಂ ಬರೆದಿಡುವವರು ಯಾರ ದುಡ್ಡು ಎಷ್ಟು ಅಂತ ಒಂದು ಪುಟ ಬರೆದಿರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ದುಡ್ಡಿನ ಬದಲು ಬೇರೆ ಕಡೆಯಿಂದ ಐದು ವಾರದ ಮರಿ ತರಿಸಿಕೊಡುತ್ತೇನೆ ಅಂದರು. ಬೇಡ ಅಂದೆ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅಂತ ಮರಿ ಕಲಿಯುವುದು ತಾಯಿ, ಒಡಹುಟ್ಟಿದವುಗಳ ಜೊತೆ ಆಡುತ್ತಲೇ. ದುಡ್ಡು ಹೊಂದಿಸಲು ಅದನ್ನು ಬೇಗ ಬಿಡಿಸಿ ತರಲು ಮನಸ್ಸು ಬರಲಿಲ್ಲ.

ಕಾರ್ಡಿನಲ್ಲಿ ಕೊಟ್ಟಿದ್ದಕ್ಕೆ ಬ್ಯಾಂಕಿನಲ್ಲಿ ತಕರಾರು ಹಾಕಿದೆ. ಇದನ್ನು ಚಾರ್ಜ್‌ಬ್ಯಾಕ್ ಅನ್ನುತ್ತಾರೆ. ಇದಕ್ಕೆ ಗಡುವು ಇರುತ್ತದೆ, ಎಷ್ಟೋ ಕಾರ್ಡುಗಳಿಗೆ 120 ದಿನ. ‘ಈಗ ಕೊಡ್ತೀನಿ, ಆಗ ಕೊಡ್ತೀನಿ’ ಅನ್ನುವುದನ್ನು ಕೇಳುತ್ತಾ ಸುಮ್ನೆ ಕೂತರೆ ಆ ದಿನಗಳು ಕೈಬಿಟ್ಟು ಹೋಗುತ್ತವೆ. ರಸೀದಿಯ ಫೋಟೋ ಜೊತೆ ‘ಗಬ್ಬ ನಿಂತಿಲ್ಲ’ ಅನ್ನುವ ಅವರದೇ ಮೆಸೇಜ್ ಕೊಟ್ಟೆ. ಐದು ವಾರಕ್ಕೆ ಕಾರ್ಡಿನಲ್ಲಿ ಕೊಟ್ಟಿದ್ದ ಆ ಅರ್ಧ ದುಡ್ಡು ಬಂತು. ತಕರಾರು ಹಾಕುವ ಮುಂಚೆ ಅವರಿಗೆ ತಿಳಿಸಿದ್ದೆ. ಬೆನ್ನ ಹಿಂದೆ ಮಾಡಲು ಇಷ್ಟವಿರಲಿಲ್ಲ.

ಖಾತೆಗೆ ಹಾಕಿದ ದುಡ್ಡಿಗೆ ಈ ದಾರಿ ಇಲ್ಲ. ಅದಕ್ಕೆ ಎದುರು ಕೂತು ನಾಲ್ಕು ಕಂತು ಮಾಡಿಕೊಂಡೆವು. ಇಷ್ಟು ಬಾಕಿ ಇದೆ ಅಂತ ಅವರೇ ಬರೆದು, ತಾರೀಕು ಹಾಕಿ, ಸಹಿ ಮಾಡಿದರು. ಇಬ್ಬರ ಹತ್ತಿರವೂ ಒಂದೊಂದು ಪ್ರತಿ ಇದೆ. ಕೋರ್ಟಿಗೆ ಹೋಗು ಅಂದವರೂ ಇದ್ದಾರೆ. ಆದರೆ ಅದರಿಂದ ಬ್ರೀಡರ್ ದಿವಾಳಿಯಾದರೆ ಅಡವು ಇಟ್ಟುಕೊಂಡು ಸಾಲ ಕೊಟ್ಟವರು ಮುಂದೆ, ನನ್ನಂಥ ಮುಂಗಡದವರು ಸಾಮಾನ್ಯವಾಗಿ ಸಾಲಿನ ತುದಿಯಲ್ಲಿ. ಅಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಹಾಗಾಗಿ ಕಂತು ತಪ್ಪಿಸಿದರೆ ಮಾತ್ರ ದೂರು ಕೊಡುತ್ತೇನೆ ಅಂತ ಅವರಿಗೇ ಹೇಳಿದ್ದೇನೆ.

ಅಂಕ ಕೊಡಬೇಕೆಂದರೆ ಐದಕ್ಕೆ ಎರಡು. ಆ ಎರಡು ಅಂಕವೂ ನಾಯಿಗಳ ಆರೈಕೆಗೆ. ಉಳಿದ ಮೂರು ಅಂಕವನ್ನು ಈ ದುಡ್ಡಿನ ವ್ಯವಹಾರ ತಿಂದುಹಾಕಿತು. ಅವರ ಹತ್ತಿರ ಹೊಸದಾಗಿ ಮುಂಗಡ ಕೊಡಿ ಅಂತ ಈಗ ಯಾರಿಗೂ ಹೇಳಲಾರೆ.

ಎರಡನೇ ಕಂತು ಹೋದ ವಾರ ಬಂತು. ಇಸಿದುಕೊಳ್ಳಲು ಹೋದಾಗ ಅದೇ ನೋಟ್‌ಬುಕ್ ತೆಗೆದರು. ಮರಿಗಳ ತೂಕದ ಪುಟಗಳು ಮುಗಿದ ಮೇಲೆ ಏಳು ಹೆಸರು ಬರೆದಿದ್ದಾರೆ, ಎದುರಿಗೆ ಯಾರಿಗೆ ಎಷ್ಟು ಕೊಟ್ಟಾಯಿತು ಅಂತ. ನನ್ನದು ಮೂರನೆಯದು.