ಸೇವಂತಿಗೆ ತೋಟದ ರಾತ್ರಿ ದೀಪ: ಸಿಎಫ್‌ಎಲ್, ಬಿಳಿ ಎಲ್‌ಇಡಿ, ಕೆಂಪು ಎಲ್‌ಇಡಿ

ಸೇವಂತಿಗೆ ಉದ್ದ ರಾತ್ರಿ ಸಿಕ್ಕರೆ ಮೊಗ್ಗು ಕಟ್ಟುವ ಗಿಡ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಜೂನ್ ತಿಂಗಳ ಹಗಲೂ 13 ಗಂಟೆ ದಾಟದು. ಹಾಗಾಗಿ ಹಲವು ತಳಿಗಳು ಗೇಣುದ್ದ ಇರುವಾಗಲೇ ಮೊಗ್ಗಿಗೆ ತಿರುಗುತ್ತವೆ. ರಾತ್ರಿ 10ರಿಂದ 2ರವರೆಗೆ ದೀಪ ಹಾಕಿದರೆ ಕತ್ತಲು ಎರಡು ತುಂಡಾಗುತ್ತದೆ, ಗಿಡ ಎತ್ತರಕ್ಕೆ ಬೆಳೆಯುತ್ತಲೇ ಇರುತ್ತದೆ. ಇದಕ್ಕೆ ಬೇಕಾದ ಬೆಳಕು ತೀರಾ ಕಡಿಮೆ: ಬಿಳಿ ಬಲ್ಬಾದರೆ ಕುಡಿಯ ಮಟ್ಟದಲ್ಲಿ 70ರಿಂದ 100 ಲಕ್ಸ್ (ಕಣ್ಣಿಗೆ ಕಾಣುವ ಬೆಳಕಿನ ಅಳತೆ). ಗಿಡ ಬೆಳೆಸಲೆಂದೇ ಮಾರುವ ನೇರಳೆ ಬಣ್ಣದ ದುಬಾರಿ ಗ್ರೋ ಲೈಟಿಗೆ ಇಲ್ಲಿ ಕೆಲಸವಿಲ್ಲ.

ಮೂರು ಬಗೆಯ ಬಲ್ಬನ್ನೂ 10 ಅಡಿಗೊಂದರಂತೆ, ಕುಡಿಯಿಂದ 5 ಅಡಿ ಮೇಲೆ ತೂಗುಹಾಕಿ ಹೋಲಿಸಿದೆವು. ಈ ಅಂತರದಲ್ಲಿ ಎಕರೆಗೆ ಸುಮಾರು 435 ಬಲ್ಬು ಬೇಕು.

20 ವಾಟ್ ಸಿಎಫ್‌ಎಲ್ ಎಕರೆಗೆ 8.7 ಕಿಲೋವಾಟ್ ಎಳೆಯುತ್ತದೆ. 4 ಗಂಟೆಗೆ 35 ಯೂನಿಟ್. ಅದರ ಅರ್ಧ ಬೆಳಕು ಆಕಾಶದ ಪಾಲು. 12 ವಾಟ್ ಬಿಳಿ ಎಲ್‌ಇಡಿಗೆ 21 ಯೂನಿಟ್, ನಾಲ್ಕು ಬಲ್ಬುಗಳ ನಟ್ಟನಡುವೆಯೂ 70 ಲಕ್ಸ್ ಆಸುಪಾಸು ಬೀಳುತ್ತದೆ. ಅಗ್ಗ ಅಂತ 9 ವಾಟ್ ಬಿಳಿ ಹಾಕಿದರೆ ಅದೇ ಜಾಗದಲ್ಲಿ 55ಕ್ಕೆ ಇಳಿಯುತ್ತದೆ, ಮೊದಲು ಮೊಗ್ಗು ಕಾಣುವುದೂ ಅಲ್ಲೇ. 9 ವಾಟ್ ಕೆಂಪಿಗೆ 16 ಯೂನಿಟ್ ಸಾಕು. ಗಿಡದೊಳಗೆ ರಾತ್ರಿಯನ್ನು ಅಳೆಯುವ ವರ್ಣದ್ರವ್ಯ ಹೀರುವುದೇ 660 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ಕೆಂಪನ್ನು. ಕೊಳ್ಳುವಾಗ ಈ ಅಂಕಿ ಕೇಳಿ. ಹಬ್ಬದ ಅಲಂಕಾರಕ್ಕೆ ಮಾರುವ ಕೆಂಪು ಬಲ್ಬು ಬೇರೆ.

ಕೆಂಪನ್ನು ಲಕ್ಸ್ ಮೀಟರಿನಲ್ಲಿ ತೂಗಬೇಡಿ. ಮೀಟರ್ ನಮ್ಮ ಕಣ್ಣಿನ ಲೆಕ್ಕ ಹೇಳುತ್ತದೆ: 1 ಮೈಕ್ರೋಮೋಲ್ (ಗಿಡಕ್ಕೆ ಬೀಳುವ ಬೆಳಕಿನ ಕಣಗಳ ಎಣಿಕೆ) ಬಿಳಿ ಬೆಳಕಿಗೆ ಸುಮಾರು 70 ಲಕ್ಸ್ ತೋರಿಸಿದರೆ, ಅಷ್ಟೇ 660ರ ಕೆಂಪಿಗೆ 7–8 ಮಾತ್ರ. ಮಬ್ಬಾಗಿದೆ ಅಂದುಕೊಂಡು ಎರಡು ಪಟ್ಟು ಬಲ್ಬು ಹಾಕುವವರಿದ್ದಾರೆ.

ಆದರೆ ನಿಜವಾದ ಉಳಿತಾಯ ಟೈಮರಿನಲ್ಲಿದೆ. ತೋಟವನ್ನು ಮೂರು ಭಾಗ ಮಾಡಿ, ಸರದಿಯಂತೆ 10 ನಿಮಿಷ ಉರಿಸಿ 20 ನಿಮಿಷ ಆರಿಸಿದರೂ ಗಿಡಕ್ಕೆ ಸಾಲುತ್ತದೆ. ಆಗ 12 ವಾಟ್ ಬಿಳಿಗೂ 7 ಯೂನಿಟ್ ಸಾಕು, ಒಮ್ಮೆಗೆ ಬೀಳುವ ಲೋಡ್ 1.75 ಕಿಲೋವಾಟ್. ಎಲ್ಲವನ್ನೂ ಒಟ್ಟಿಗೆ ಹಾಕಿದಾಗ ಎಂಸಿಬಿ ಟ್ರಿಪ್ ಆಗುವ ಕಾಟವೂ ತಪ್ಪುತ್ತದೆ. ಸಿಎಫ್‌ಎಲ್ ಸೋಲುವುದೂ ಇಲ್ಲೇ: ಪೂರ್ತಿ ಬೆಳಗಲು ಅದಕ್ಕೆ ಹೊತ್ತು ಬೇಕು, ಪದೇ ಪದೇ ಹಾಕಿ ಆರಿಸಿದರೆ ಬೇಗ ಸುಡುತ್ತದೆ. ಟೈಮರಿಗೆ ಒಳಗೇ ಬ್ಯಾಟರಿ ಇರಲಿ. ಇಲ್ಲದಿದ್ದರೆ ಕರೆಂಟ್ ಹೋದಷ್ಟು ಹೊತ್ತು ಗಡಿಯಾರ ಹಿಂದೆ ಬೀಳುತ್ತದೆ.

ಕೊಳ್ಳುವ ಮುನ್ನ ಒಂದೆರಡು ಬಲ್ಬು ತಂದು ಸಾಲಿನ ಕೊನೆಯಲ್ಲಿ ಉರಿಸಿ. ತೆಳು ವೈರಿನಲ್ಲಿ ವೋಲ್ಟೇಜ್ ಇಳಿದಾಗ ಸರಿಯಾದ ಡ್ರೈವರ್ (ಎಲ್‌ಇಡಿಗೆ ಕರೆಂಟನ್ನು ಹದವಾಗಿ ಕೊಡುವ ಒಳಗಿನ ಸರ್ಕ್ಯೂಟ್) ಇಲ್ಲದ ಅಗ್ಗದ ಬಲ್ಬು ಮಂಕಾಗುತ್ತದೆ, ಆ ತುದಿಯ ಗಿಡ ಕುಳ್ಳಾಗಿಯೇ ಹೂ ಬಿಡುತ್ತದೆ. ಹೋಲ್ಡರ್ ಮೇಲೆ ಇಬ್ಬನಿ ಇಳಿಯದಂತೆ ರಬ್ಬರ್ ಮುಚ್ಚಳ ಬೇಕೇ ಬೇಕು.

ಮೊದಲ ಸಲಕ್ಕೆ 12 ವಾಟ್ ಬಿಳಿ ಮತ್ತು ಟೈಮರ್ ಸಾಕು. ಹಸಿರು ಕಾಯಿಕೊರಕದ ಚಿಟ್ಟೆ ಕಾಟ ಹೆಚ್ಚಿದ್ದರೆ ಮಾತ್ರ ಕೆಂಪಿಗೆ ಹೆಚ್ಚು ದುಡ್ಡು ಕೊಡಬಹುದು. ಬಿಳಿಗೆ ಮುತ್ತುವಷ್ಟು ಹುಳು ಕೆಂಪಿಗೆ ಬರುವುದಿಲ್ಲ. ಪಕ್ಕದಲ್ಲಿ ನಾಟಿ ಅವರೆ ಹೊಲವಿದ್ದರೆ ಆ ಬದಿಯ ಬಲ್ಬಿಗೆ ತಗಡಿನ ಮರೆ ಕಟ್ಟಿ. ಅವರೆಯೂ ಉದ್ದ ರಾತ್ರಿಗೇ ಕಾಯುವ ಗಿಡ, ಬೆಳಕು ಬಿದ್ದರೆ ಹೂ ತಡವಾಗಿ ನೆರೆಯವರ ಜೊತೆ ಜಗಳ ಖಂಡಿತ.