ಮೆಶ್ ಬ್ರೌಸರ್: ಕಷಾಯ, ವಿಷ, ಡಾಂಬರು ಎಲ್ಲಾ ಒಂದೇ ಕೊಂಬೆಯಲ್ಲಿ

ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ಪಬ್‌ಮೆಡ್ ಜಾಲತಾಣದಲ್ಲಿ ಗಿಡಮೂಲಿಕೆಗಳ ಬಗ್ಗೆ ಪೇಪರ್ ಹುಡುಕುವವರು ಮೊದಲು ಮೆಶ್ ಬ್ರೌಸರ್ ತೆರೆದು ಕೂರಬೇಕು ಅಂತ ನಾನು ಎಲ್ಲರಿಗೂ ಹೇಳ್ತೀನಿ. ಮೆಶ್ ಅಂದರೆ ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ 1960ರಿಂದ ನಡೆಸಿಕೊಂಡು ಬಂದಿರುವ ಪದಪಟ್ಟಿ. ಲೇಖನ ಯಾವ ವಿಷಯದ್ದು ಅಂತ ಗುರುತಿಸಲು ಹಚ್ಚುವ ಈ ಪದಗಳಿಗೆ ಹೆಡ್ಡಿಂಗ್ ಅಂತಾರೆ, ಇವನ್ನು ಮರದ ಕೊಂಬೆಗಳ ಥರ ಜೋಡಿಸಿದ್ದಾರೆ. ದುಡ್ಡು ಕೊಡಬೇಕಾಗಿಲ್ಲ. ಪ್ರತಿ ವರ್ಷ ಪರಿಷ್ಕರಿಸುತ್ತಾರೆ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದಿರುವುದು ಡಿ20 ಅನ್ನುವ ಕೊಂಬೆ, ಅಂದರೆ ಕಾಂಪ್ಲೆಕ್ಸ್ ಮಿಕ್ಸ್ಚರ್ಸ್ (ಸಂಕೀರ್ಣ ಮಿಶ್ರಣಗಳು). ಪ್ಯಾರಸಿಟಮಾಲ್‌ನಂಥ ಒಂದೇ ರಾಸಾಯನಿಕಕ್ಕೆ ಜಾಗ ಕೊಡುವುದು ಸುಲಭ. ಹಾವಿನ ವಿಷ, ಡಾಂಬರು, ಗಿಡದ ಸಾರ ಇವುಗಳನ್ನು ಎಲ್ಲಿಡುವುದು? ಇದಕ್ಕೆ ಅವರು ಕೊಟ್ಟಿರುವ ವಿವರಣೆ ಎರಡೇ ಸಾಲು, ಆದರೆ ಬಹಳ ಚೆನ್ನಾಗಿದೆ: ಅನೇಕ ಘಟಕಗಳು ಇರಬೇಕು, ಪ್ರಮಾಣ ಇಷ್ಟೇ ಅಂತ ನಿಖರವಾಗಿ ಇರಬಾರದು, ಸಾಮಾನ್ಯವಾಗಿ ಪ್ರಕೃತಿಯಲ್ಲಿ ಸಿಗುವಂಥದ್ದು. ಉದಾಹರಣೆಗೆ ಗೊಬ್ಬರವನ್ನೂ ಹೆಸರಿಸಿದ್ದಾರೆ! ಕೆಲವೇ ಘಟಕಗಳು ಗೊತ್ತಾದ ಪ್ರಮಾಣದಲ್ಲಿ ಇದ್ದರೆ ಅದು ಡ್ರಗ್ ಕಾಂಬಿನೇಷನ್ಸ್, ಇಲ್ಲಿಗೆ ಬರುವುದಿಲ್ಲ.

ಈಗ ತ್ರಿಫಲ ತಗೊಳ್ಳಿ. ಅಳಲೆ, ತಾರೆ, ನೆಲ್ಲಿ, ಮೂರೇ ಕಾಯಿ, ಸಾಮಾನ್ಯವಾಗಿ ಸಮಪ್ರಮಾಣ. ಲೆಕ್ಕಕ್ಕೆ ಡ್ರಗ್ ಕಾಂಬಿನೇಷನ್ ಥರ ಕಾಣುತ್ತೆ, ಆದರೆ ಒಂದೊಂದು ಕಾಯಿಯಲ್ಲೂ ಹತ್ತಾರು ರಾಸಾಯನಿಕಗಳಿವೆ, ಮರ ಬೆಳೆದ ಜಾಗ ಬದಲಾದರೆ ಅವುಗಳ ಪ್ರಮಾಣವೂ ಬದಲಾಗುತ್ತೆ, ಹಾಗಾಗಿ ಗೆರೆ ಎಳೆಯುವುದು ನಿಜಕ್ಕೂ ಕಷ್ಟ. ಮೆಶ್ ಇದಕ್ಕೆ ಮುಖ್ಯ ಹೆಡ್ಡಿಂಗ್ ಕೊಟ್ಟಿಲ್ಲ. ಸಪ್ಲಿಮೆಂಟರಿ ಕಾನ್ಸೆಪ್ಟ್ ರೆಕಾರ್ಡ್ (ಮುಖ್ಯ ಪಟ್ಟಿಯ ಹೊರಗಿನ ಪೂರಕ ದಾಖಲೆ) ಮಾಡಿ ಪ್ಲಾಂಟ್ ಎಕ್ಸ್‌ಟ್ರಾಕ್ಟ್ಸ್ (ಗಿಡದ ಸಾರ) ಹೆಡ್ಡಿಂಗ್‌ಗೆ ಜೋಡಿಸಿದ್ದಾರೆ. ಸಾರಕ್ಕೆ ಅವರದ್ದೇ ವ್ಯಾಖ್ಯೆ ಏನು ಗೊತ್ತಾ? ದ್ರಾವಕದಲ್ಲಿ ತೆಗೆದು, ದ್ರಾವಕ ಆವಿಯಾಗಿಸಿ, ಉಳಿದದ್ದನ್ನು ನಿಗದಿತ ಗುಣಮಟ್ಟಕ್ಕೆ ಹೊಂದಿಸಿದ್ದು. ಮನೆಯಲ್ಲಿ ಕುಟ್ಟಿ ಜರಡಿ ಹಿಡಿದ ಚೂರ್ಣ ಅದು ಹೇಗಾಗುತ್ತೆ? ಇಲ್ಲಿ ಮೆಶ್ ಎಡವಿದೆ ಅನ್ನುವುದೇ ನನ್ನ ಅನಿಸಿಕೆ.

ಇನ್ನೊಂದು ಬೇಸರ. ಚೀನೀ ಗಿಡಮೂಲಿಕೆ ಔಷಧಿಗಳಿಗೆ ಈ ಕೊಂಬೆಯಲ್ಲೇ ಸ್ವಂತ ಹೆಡ್ಡಿಂಗ್ ಇದೆ. ಆಯುರ್ವೇದಕ್ಕೆ ಇರುವುದು ಚಿಕಿತ್ಸಾ ಪದ್ಧತಿಯ ಹೆಡ್ಡಿಂಗ್, ಅದು ಬೇರೆ ಕಡೆ, ಸಾಂಪ್ರದಾಯಿಕ ವೈದ್ಯದ ಕೆಳಗೆ. ನಮ್ಮ ಅರಿಷ್ಟ, ಲೇಹ್ಯ, ಚೂರ್ಣಗಳಿಗೂ ಒಂದು ಹೆಡ್ಡಿಂಗ್ ಬೇಕು ಅಲ್ವಾ?

ಬಳಸುವವರಿಗೆ ಒಂದು ಮಾತು. ಪಬ್‌ಮೆಡ್‌ನಲ್ಲಿ ಮೇಲಿನ ಹೆಡ್ಡಿಂಗ್ ಹಾಕಿದರೆ ಕೆಳಗಿನವೆಲ್ಲಾ ತಾವಾಗಿಯೇ ಸೇರಿಕೊಳ್ಳುತ್ತವೆ. ಸುಮ್ನೆ ಕಾಂಪ್ಲೆಕ್ಸ್ ಮಿಕ್ಸ್ಚರ್ಸ್ ಅಂತ ಹುಡುಕಿದರೆ ಕಷಾಯದ ಜೊತೆ ನಾಗರಹಾವಿನ ವಿಷವೂ ಬರುತ್ತೆ. 2022ರಿಂದ ಪಬ್‌ಮೆಡ್‌ನ ಮುಖ್ಯ ಭಾಗವಾದ ಮೆಡ್‌ಲೈನ್‌ನಲ್ಲಿ ಹೆಡ್ಡಿಂಗ್ ಹಚ್ಚುವ ಕೆಲಸ ಬಹುತೇಕ ಕಂಪ್ಯೂಟರ್‌ಗೆ ಹೋಗಿದೆ, ಹಾಗಾಗಿ ಹೆಡ್ಡಿಂಗ್ ಒಂದನ್ನೇ ನಂಬಬೇಡಿ. ಪ್ಲಾಂಟ್ ಎಕ್ಸ್‌ಟ್ರಾಕ್ಟ್ಸ್ ಹೆಡ್ಡಿಂಗ್‌ನ ಜೊತೆಗೆ ಗಿಡದ ಲ್ಯಾಟಿನ್ ಹೆಸರು ಕೊಟ್ಟು ಒಮ್ಮೆ, ಔಷಧಿಯ ಹೆಸರನ್ನೇ ಶೀರ್ಷಿಕೆ ಮತ್ತು ಸಾರಾಂಶದಲ್ಲಿ ಹುಡುಕಿ ಇನ್ನೊಮ್ಮೆ, ಎರಡನ್ನೂ ಸೇರಿಸಿ ನೋಡಿ.