ಹೊಳಪಿಗೆಂದು ಕೊಟ್ಟ ಪಟ್ಟಿಗಳು ತೆಳುವಾಗಿ ಮರಳಿದವು: ಹಳೆಯ ಕಾರು ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ

ಹಳೆಯ ಕಾರಿನ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಗಳನ್ನು, ಅಂದರೆ ಗಾಜಿನ ಸುತ್ತಲಿನ ಅಂಚುಗಳು, ಬಾಗಿಲುಗಳ ಮೇಲೆ ಹಾದುಹೋಗುವ ಮೋಲ್ಡಿಂಗ್‌ಗಳು, ಬಾನೆಟ್ಟಿನ ನಡುವಿನ ಪಟ್ಟಿ ಮೊದಲಾದವನ್ನು, ಪಾಲಿಶ್ ಮಾಡಿಸಲು ಹೊರಗೆ ಕೊಡಬೇಕೆಂದಿರುವವರು ಅದಕ್ಕೆ ಮುನ್ನ ಈ ಬರಹವನ್ನು ಪೂರ್ತಿಯಾಗಿ ಓದಬೇಕೆಂದು ಕೋರುತ್ತೇನೆ. 1950ರ ದಶಕದ ನನ್ನ ಸೆಡಾನ್ ಕಾರಿನ ಪಟ್ಟಿಗಳನ್ನು, ಪ್ಲೇಟಿಂಗ್ (ಲೋಹದ ಮೇಲೆ ಬೇರೊಂದು ಲೋಹದ ತೆಳುಲೇಪ ಕೊಡುವುದು) ಮತ್ತು ಪಾಲಿಶಿಂಗ್ ಎರಡನ್ನೂ ಮಾಡುವ ಒಂದು ಕಾರ್ಖಾನೆಗೆ ಒಪ್ಪಿಸಿದ್ದೆ. ಮರಳಿ ಬಂದಾಗ ಅವು ದೂರದಿಂದ ಚೆನ್ನಾಗಿಯೇ ಹೊಳೆಯುತ್ತಿದ್ದವು. ಕೈಗೆತ್ತಿಕೊಂಡು ಬೆಳಕಿಗೆ ಓರೆಯಾಗಿ ಹಿಡಿದಾಗ ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಇನ್ನು ಕಾರಿನ ಮೇಲೆ ಕೂರಿಸಲು ಬಾರವೆಂಬುದು ತಿಳಿಯಿತು. ನನ್ನ ಮಾದರಿಯ ಕಾರಿಗೆ ಇವನ್ನು ಈಗ ಯಾರೂ ಹೊಸದಾಗಿ ತಯಾರಿಸುತ್ತಿಲ್ಲ. ಬೇರೆ ಕಾರಿನಿಂದ ಬಿಚ್ಚಿದ ಪಟ್ಟಿ ಸಿಕ್ಕರೆ ಉಂಟು, ಇಲ್ಲವಾದರೆ ಇಲ್ಲ.

ಈ ಹಾನಿಗೆಲ್ಲ ಮೂಲವಾದದ್ದು ಅಯಸ್ಕಾಂತದ ಬಗೆಗಿನ ಒಂದು ತಪ್ಪು ತಿಳಿವಳಿಕೆ. ಕಾರ್ಖಾನೆಯವರು ಪಟ್ಟಿಗೆ ಅಯಸ್ಕಾಂತ ಹಿಡಿದು ನೋಡಿದ್ದಾರೆ, ಅದು ಅಂಟಿಕೊಂಡಿದೆ. ಇದು ಸ್ಟೇನ್‌ಲೆಸ್ ಅಲ್ಲ, ಕ್ರೋಮ್ ಪ್ಲೇಟಿಂಗ್ ಮಾಡಿದ ಸಾಮಾನ್ಯ ಉಕ್ಕು ಎಂದು ತೀರ್ಮಾನಿಸಿ, ನನ್ನನ್ನು ಒಂದು ಮಾತೂ ಕೇಳದೆ, ಹಳೆಯ ಕ್ರೋಮ್ ಬಿಡಿಸಲು ಬಳಸುವ ಹೈಡ್ರೋಕ್ಲೋರಿಕ್ ಆಮ್ಲದ ತೊಟ್ಟಿಗೆ ಎಲ್ಲವನ್ನೂ ಇಳಿಸಿದ್ದಾರೆ. ವಸ್ತುತಃ ಸ್ಟೇನ್‌ಲೆಸ್ ಸ್ಟೀಲ್ ಎಂಬುದು ಒಂದೇ ಲೋಹವಲ್ಲ. ಸುಮಾರು ಶೇ. 18ರಷ್ಟು ಕ್ರೋಮಿಯಂ ಮತ್ತು ಶೇ. 8ರಷ್ಟು ನಿಕ್ಕೆಲ್ ಇರುವ 304 ಎಂಬ ಬಗೆಗೆ ಅಯಸ್ಕಾಂತ ಸಾಮಾನ್ಯವಾಗಿ ಹಿಡಿಯುವುದಿಲ್ಲ. ಅದೂ ಕೂಡ ಬಗ್ಗಿಸಿ, ಒತ್ತಿ ಆಕಾರ ಕೊಟ್ಟ ಜಾಗದಲ್ಲಿ ಸ್ವಲ್ಪ ಹಿಡಿಯಬಹುದು. ಕಾರಿನ ಅಲಂಕಾರ ಪಟ್ಟಿಗಳಿಗೆ ಹೆಚ್ಚಾಗಿ ಬಳಕೆಯಾದ 430 ಎಂಬ ಬಗೆಯಲ್ಲಿ ಶೇ. 16ರಿಂದ 18ರಷ್ಟು ಕ್ರೋಮಿಯಂ ಇರುತ್ತದೆ, ನಿಕ್ಕೆಲ್ ಇಲ್ಲವೆನ್ನುವಷ್ಟು ಕಡಿಮೆ, ಮತ್ತು ಅದಕ್ಕೆ ಅಯಸ್ಕಾಂತ ಚೆನ್ನಾಗಿಯೇ ಅಂಟಿಕೊಳ್ಳುತ್ತದೆ. ಆದ್ದರಿಂದ ಅಯಸ್ಕಾಂತ ಹಿಡಿಯಿತೆಂಬ ಒಂದೇ ಕಾರಣಕ್ಕೆ ಪಟ್ಟಿಯನ್ನು ಪ್ಲೇಟಿಂಗ್ ಮಾಡಿದ ಉಕ್ಕೆಂದು ಹೇಳುವವರ ಕೈಗೆ ಅದನ್ನು ಕೊಡಬೇಡಿ. ಪಟ್ಟಿಯನ್ನು ತಿರುಗಿಸಿ ಹಿಂಬದಿ ನೋಡಿದರೆ ಸಂಶಯ ಸಾಮಾನ್ಯವಾಗಿ ಪರಿಹಾರವಾಗುತ್ತದೆ. ಪ್ಲೇಟಿಂಗ್ ಆದ ಉಕ್ಕಿನ ಹಿಂಬದಿಯಲ್ಲಿ ಲೇಪ ತೆಳುವಾಗಿ, ತುಕ್ಕು ಹಿಡಿದು, ಅಲ್ಲಲ್ಲಿ ಸಿಪ್ಪೆಯೆದ್ದಿರುತ್ತದೆ. ಸ್ಟೇನ್‌ಲೆಸ್ಸಿನ ಹಿಂಬದಿ ಮಾಸಿದ್ದರೂ ಒರೆಸಿದಾಗ ಮುಂಬದಿಯ ಬಣ್ಣವನ್ನೇ ತೋರಿಸುತ್ತದೆ. ಕಣ್ಣಿಗೆ ಬೀಳದ ಮಡಿಕೆಯಲ್ಲಿ ಸಣ್ಣ ಅರದಿಂದ ಒಂದೆರಡು ಸಲ ಉಜ್ಜಿದರೆ, ಒಳಗೂ ಹೊರಗೂ ಒಂದೇ ಲೋಹವೆಂಬುದು ಖಚಿತವಾಗುತ್ತದೆ.

ಆಮ್ಲ ಮಾಡಿದ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸ್ಟೇನ್‌ಲೆಸ್ಸಿಗೆ ತುಕ್ಕು ಹಿಡಿಯದಿರುವುದು ಅದರ ಮೇಲೆ ತಾನಾಗಿಯೇ ಕಟ್ಟಿಕೊಳ್ಳುವ, ಕೆಲವೇ ನ್ಯಾನೋಮೀಟರ್ ದಪ್ಪದ ಕ್ರೋಮಿಯಂ ಆಕ್ಸೈಡ್ ಪದರದಿಂದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿರುವ ಕ್ಲೋರೈಡ್ ಆ ಪದರವನ್ನೇ ಒಡೆಯುತ್ತದೆ, ಆಮೇಲೆ ಲೋಹವನ್ನು ಸೂಜಿಮೊನೆಯಷ್ಟು ಸಣ್ಣ ಗುಳಿಗಳಾಗಿ ಕೊರೆಯುತ್ತದೆ. ನನ್ನ ಪಟ್ಟಿಗಳ ಮೈಯೆಲ್ಲ ಹೀಗೆ ಬೂದುಬಣ್ಣಕ್ಕೆ ತಿರುಗಿ ಒರಟಾಗಿತ್ತು. ಆ ಗುಳಿಗಳನ್ನು ಮುಚ್ಚಿಹಾಕಲು ಕೆಲಸಗಾರರು ಕೈಗ್ರೈಂಡರಿಗೆ ಫ್ಲಾಪ್ ಡಿಸ್ಕ್ (ಉಪ್ಪುಕಾಗದದಂತಹ ಒರಟು ಎಲೆಗಳನ್ನು ಜೋಡಿಸಿದ ಚಕ್ರ) ಹಾಕಿ, ಗುಳಿ ಕಾಣದಾಗುವ ತನಕ ಸುತ್ತಲಿನ ಲೋಹವನ್ನು ತೆಗೆದರು. ಈ ಪಟ್ಟಿಗಳ ತಗಡಿನ ದಪ್ಪ ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲು ಮಿಲಿಮೀಟರಿನಷ್ಟೇ ಇರುವುದರಿಂದ, ಅಷ್ಟು ತೆಗೆದ ಮೇಲೆ ಉಳಿಯುವುದು ಬೆರಳಿನಿಂದ ಒತ್ತಿದರೆ ಒಳಕ್ಕೆ ಹೋಗಿ ಟಪ್ಪೆಂದು ಹೊರಬರುವ ತೆಳುತಗಡು. ಎರಡು ಕಡೆ, ಮಡಿಕೆಯ ಅಂಚಿನಲ್ಲಿ, ತೂತೇ ಬಿದ್ದಿದೆ.

ಗ್ರೈಂಡರಿನ ಶಾಖದಿಂದಾದ ಹಾನಿ ಇನ್ನೊಂದು ಬಗೆಯದು. ಸ್ಟೇನ್‌ಲೆಸ್ ಸ್ಟೀಲ್ ಸಾಮಾನ್ಯ ಉಕ್ಕಿಗಿಂತ ನಿಧಾನವಾಗಿ ಶಾಖವನ್ನು ಸಾಗಿಸುವುದರಿಂದ, ಉಜ್ಜಿದ ಜಾಗದಲ್ಲೇ ಬಿಸಿ ನಿಂತು ಅಲ್ಲಿನ ಲೋಹ ಹಿಗ್ಗುತ್ತದೆ. ಬಾಗಿಲಿನ ಉದ್ದನೆಯ ಮೋಲ್ಡಿಂಗ್ ಈಗ ನೇರವಾಗಿಲ್ಲ; ಅದರಲ್ಲಿ ಪ್ರತಿಬಿಂಬ ಅಲೆಅಲೆಯಾಗಿ ಕಾಣುತ್ತದೆ, ಕೆಲವು ಕಡೆ ಒಣಹುಲ್ಲಿನ ಹಳದಿ ಮತ್ತು ನೀಲಿ ಕಲೆಗಳಿವೆ. ಬಣ್ಣವನ್ನು, ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದು ಉಜ್ಜುವ ಬಫಿಂಗ್‌ನಿಂದ ತೆಗೆಯಬಹುದು, ಸೊಟ್ಟಗಾದ ತಗಡನ್ನು ಮೊದಲಿನಂತೆ ಮಾಡುವುದು ಬಹಳ ಕಷ್ಟ. ಕಾರು ತಯಾರಾದಾಗ ಅಚ್ಚಿನಲ್ಲಿ ಒತ್ತಿ ಮೂಡಿಸಿದ್ದ ಚೂಪಾದ ಏಣುಗಳು ಸವೆದು ಗುಂಡಗಾಗಿವೆ. ಬಣ್ಣ ತುಂಬುವ ಸಣ್ಣ ಕಾಲುವೆಯ ಅಂಚೂ ಹಾಗೆಯೇ ಮಾಸಿಹೋಗಿದೆ. ನನಗೆ ಅತ್ಯಂತ ನೋವಾಗಿರುವುದು ಈ ಏಣುಗಳ ವಿಷಯದಲ್ಲಿ, ಏಕೆಂದರೆ ಆ ಕಾಲದ ಕಾರಿನ ರೂಪವೆಲ್ಲ ಇಂತಹ ಗೆರೆಗಳಲ್ಲೇ ಇತ್ತು.

ನಾನು ಒಪ್ಪಂದ ಮಾಡಿಕೊಂಡದ್ದು ಇದಕ್ಕಲ್ಲ. ನೆಗ್ಗುಗಳನ್ನು ಹಿಂಬದಿಯಿಂದ ಎತ್ತಿ, ಆಮೇಲೆ ಹೊಳಪು ಕೊಡಬೇಕೆಂದು ಬರೆದೇ ಕೊಟ್ಟಿದ್ದೆ. ಈ ಕೆಲಸದ ಸರಿಯಾದ ಕ್ರಮವೂ ಅದೇ: ನೆಗ್ಗಿದ ಜಾಗವನ್ನು ಗುರುತು ಮಾಡಿಕೊಂಡು, ಮುಂಬದಿಯನ್ನು ನುಣುಪಾದ ಡಾಲಿಯ (ಆಸರೆಗೆ ಇಡುವ ಉಕ್ಕಿನ ಗಟ್ಟಿ) ಮೇಲೋ ಪಟ್ಟಿಯ ಆಕಾರಕ್ಕೆ ಕೊರೆದ ಗಟ್ಟಿ ಮರದ ಮೇಲೋ ಇಟ್ಟು, ಹಿಂದಿನಿಂದ ಸಣ್ಣ ಸುತ್ತಿಗೆಯಲ್ಲಿ ಮೃದುವಾಗಿ, ಅಂಚಿನಿಂದ ನಡುವಿಗೆ ಬರುತ್ತಾ ಎತ್ತಬೇಕು, ನಡುನಡುವೆ ನಯವಾದ ಅರವನ್ನು ಮೇಲೆ ಹಗುರವಾಗಿ ಎಳೆದರೆ ಉಬ್ಬಿದ ಕಡೆ ಹೊಳೆದು, ತಗ್ಗಿದ ಕಡೆ ಮಾಸಲಾಗಿಯೇ ಉಳಿದು, ಇನ್ನೆಲ್ಲಿ ಎತ್ತಬೇಕೆಂಬುದನ್ನು ತೋರಿಸುತ್ತದೆ. ಜೋರಾಗಿ ಬಡಿದರೆ ತಗಡು ಹಿಗ್ಗಿ, ಗಡುಸಾಗಿ, ಮತ್ತೆ ಮಾತು ಕೇಳುವುದಿಲ್ಲ. ಸಮತಟ್ಟಾದ ಮೇಲೆ ಮಾತ್ರ ಉಪ್ಪುಕಾಗದ: 320, 400, 600, 800 ಎಂದು ಏರುತ್ತಾ (ಅಂಕಿ ಹೆಚ್ಚಿದಷ್ಟೂ ಕಾಗದ ನಯ), ಪ್ರತಿ ಸಲ ಉಜ್ಜುವ ದಿಕ್ಕನ್ನು ಬದಲಿಸಿ, ಹಿಂದಿನ ಕಾಗದದ ಗೀರು ಸಂಪೂರ್ಣ ಮಾಯವಾದ ಬಳಿಕವೇ ಮುಂದಿನದಕ್ಕೆ ಹೋಗಬೇಕು. ಆಮೇಲೆ ಕತ್ತಾಳೆ ನಾರಿನ ಚಕ್ರ, ಕೊನೆಗೆ ಮೆತ್ತನೆಯ ಹತ್ತಿಬಟ್ಟೆಯ ಚಕ್ರ ಮತ್ತು ಸ್ಟೇನ್‌ಲೆಸ್ಸಿಗೆ ಬಳಸುವ ಹಸಿರು ಕಾಂಪೌಂಡ್, ಅಂದರೆ ಚಕ್ರಕ್ಕೆ ಹಚ್ಚುವ ಹೊಳಪಿನ ಮಿಶ್ರಣ. ಸಮಯವೆಲ್ಲ ಹೋಗುವುದು ಸುತ್ತಿಗೆ ಮತ್ತು ಕಾಗದದ ಹಂತದಲ್ಲಿ. ಚಕ್ರದ ಕೆಲಸ ಅದರ ಮುಂದೆ ಅಲ್ಪ. ನನ್ನ ಪಟ್ಟಿಗಳ ಹಿಂಬದಿಯಲ್ಲಿ ಸುತ್ತಿಗೆಯ ಒಂದು ಗುರುತೂ ಇಲ್ಲ.

ಹಿಂಬದಿಯಲ್ಲಿ ಬೆಸೆದಿದ್ದ ಬೋಲ್ಟ್‌ಗಳಲ್ಲಿ ಕೆಲವನ್ನು ಗ್ರೈಂಡಿಂಗಿಗೆ ಅಡ್ಡಿಯೆಂದು ಕತ್ತರಿಸಿಯೂ ಇದ್ದಾರೆ. ಬೇರೆಯಾಗಿ ಕಟ್ಟಿ, ಅಲ್ಯೂಮಿನಿಯಂ ಎಂದು ಚೀಟಿ ಅಂಟಿಸಿ ಕೊಟ್ಟಿದ್ದ ತುಣುಕುಗಳೂ ಉಳಿಯಲಿಲ್ಲ. ಜಿಡ್ಡು ತೆಗೆಯುವ ಬಿಸಿ ಕಾಸ್ಟಿಕ್ ಸೋಡಾದ ತೊಟ್ಟಿ ಸ್ಟೇನ್‌ಲೆಸ್ಸಿಗೆ ಏನನ್ನೂ ಮಾಡುವುದಿಲ್ಲ, ಆದರೆ ಅಲ್ಯೂಮಿನಿಯಂನ ಅನೋಡೈಸ್ ಪದರವನ್ನೂ (ರಕ್ಷಣೆಗೆಂದು ಮೇಲೆ ಬೆಳೆಸಿದ ಆಕ್ಸೈಡ್ ಲೇಪ) ಅದರ ಕೆಳಗಿನ ಲೋಹವನ್ನೂ ತಿನ್ನುತ್ತದೆ.

ಹಾನಿಯ ಕೊನೆಯ ಭಾಗ ಗೊತ್ತಾದದ್ದು ತಡವಾಗಿ. ಚೆನ್ನಾಗಿವೆಯೆಂದು ತೆಗೆದಿಟ್ಟ ಪಟ್ಟಿಗಳ ಮೇಲೂ ಕೆಲವು ವಾರಗಳಲ್ಲಿ ಕಂದುಬಣ್ಣದ ಚುಕ್ಕೆಗಳು ಎದ್ದವು. ಸಾಮಾನ್ಯ ಉಕ್ಕಿಗೆ ಬಳಸಿದ ಡಿಸ್ಕ್, ತಂತಿ ಬ್ರಷ್ ಅಥವಾ ಬಫ್ ಚಕ್ರವನ್ನೇ ಸ್ಟೇನ್‌ಲೆಸ್ಸಿಗೂ ಬಳಸಿದಾಗ ಉಕ್ಕಿನ ಕಣಗಳು ಅದರ ಮೈಯಲ್ಲಿ ಹುದುಗಿಕೊಂಡು ತುಕ್ಕು ಹಿಡಿಯುತ್ತವೆ. ಸಿಟ್ರಿಕ್ ಆಮ್ಲದ ದ್ರಾವಣದಿಂದ ಅವನ್ನು ಕರಗಿಸಿ, ಶುದ್ಧ ನೀರಿನಲ್ಲಿ ತೊಳೆದು ಒಣಗಿಸಿದ ಮೇಲೆ ಚುಕ್ಕೆಗಳು ಹೋದವು. ಇಷ್ಟು ಮಾತ್ರ ನನ್ನ ಕೈಯಿಂದ ಸರಿಹೋದದ್ದು.

ಇದನ್ನೆಲ್ಲ ಓದಿ ಮನೆಯಲ್ಲೇ ಮಾಡಿಕೊಳ್ಳುತ್ತೇನೆ ಎನ್ನುವವರು ಬಫ್ ಚಕ್ರದ ವಿಷಯದಲ್ಲಿ ಬಹಳ ಜಾಗ್ರತೆಯಿಂದಿರಬೇಕು. ಪಟ್ಟಿಯ ಅಂಚು ಚಕ್ರಕ್ಕೆ ಎದುರಾಗಿ ಸಿಕ್ಕಿಕೊಂಡರೆ ಚಕ್ರ ಅದನ್ನು ಕೈಯಿಂದ ಕಿತ್ತು ಎಸೆಯುತ್ತದೆ. ಪಟ್ಟಿ ಮಡಚಿಹೋಗುವುದು ಒಂದಾದರೆ, ಅದರ ಅಂಚು ಮನುಷ್ಯನನ್ನೂ ಸೀಳುತ್ತದೆ. ಪಟ್ಟಿಯನ್ನು ಮರದ ಹಲಗೆಗೆ ಭದ್ರಪಡಿಸಿ, ಚಕ್ರದ ನಡುಮಟ್ಟಕ್ಕಿಂತ ಕೆಳಗೆ, ಅಂಚಿನ ಕಡೆಗೆ ಅಲ್ಲದೆ ಅಂಚಿನಿಂದ ಹೊರಗೆ ಚಕ್ರ ಹೊರಳಿಹೋಗುವಂತೆ ಹಿಡಿಯಬೇಕು. ಮುಖಕವಚ ಕಡ್ಡಾಯ, ಸಡಿಲ ತೋಳಿನ ಅಂಗಿ ಬೇಡ.

ಹೊರಗೆ ಕೊಡುವುದೇ ಆದರೆ, ಮೊದಲು ಅತಿ ಕಡಿಮೆ ಬೆಲೆಬಾಳುವ ಒಂದೇ ತುಣುಕನ್ನು ಕೊಟ್ಟು ನೋಡಿ. ಪ್ರತಿ ಪಟ್ಟಿಯ ಎರಡೂ ಬದಿಯ ಚಿತ್ರ ತೆಗೆದಿಡಿ, ದಪ್ಪವನ್ನು ಅಳೆದು ಬರೆದಿಡಿ. ಆಮ್ಲದ ತೊಟ್ಟಿಗೆ ಇಳಿಸಬಾರದು, ಗ್ರೈಂಡರ್ ಮುಟ್ಟಿಸಬಾರದು, ಹಿಂದಿನ ಬೋಲ್ಟ್ ಕತ್ತರಿಸಬಾರದು ಎಂಬ ಮಾತುಗಳನ್ನು ರಸೀದಿಯಲ್ಲೇ ಬರೆಸಿ. ನೆಗ್ಗು ತೆಗೆಯುವುದು ಹೇಗೆ ಎಂದು ಕೇಳಿದಾಗ ಸುತ್ತಿಗೆಯ ಮಾತೆತ್ತದೆ ಚಕ್ರವನ್ನು ತೋರಿಸಿದರೆ ಪಟ್ಟಿಯನ್ನು ಎತ್ತಿಕೊಂಡು ಬನ್ನಿ.

ನಾನು ದೂರಿದಾಗ ಕಾರ್ಖಾನೆಯವರು, ತೆಳುವಾದ ಪಟ್ಟಿಗಳಿಗೆ ಕ್ರೋಮ್ ಪ್ಲೇಟಿಂಗ್ ಮಾಡಿ ಎಲ್ಲವನ್ನೂ ಮರೆಮಾಡಿ ಕೊಡುವುದಾಗಿ ಹೇಳಿದರು. ನಾನು ಒಪ್ಪಲಿಲ್ಲ, ನಿಮಗೂ ಇಂತಹ ಮಾತು ಬಂದರೆ ಒಪ್ಪಬೇಡಿ. ಸ್ಟೇನ್‌ಲೆಸ್ಸಿನ ಆಕ್ಸೈಡ್ ಪದರದ ಮೇಲೆ ಪ್ಲೇಟಿಂಗ್ ನೇರವಾಗಿ ಹಿಡಿಯುವುದಿಲ್ಲ. ಅದಕ್ಕೆ ಮೊದಲು ಆಮ್ಲೀಯ ದ್ರಾವಣದಲ್ಲಿ ನಿಕ್ಕೆಲ್‌ನ ಒಂದು ವಿಶೇಷ ಪದರ ಕೊಡದಿದ್ದರೆ ಮೇಲಿನ ಕ್ರೋಮ್ ಸಿಪ್ಪೆಯಾಗಿ ಏಳುತ್ತದೆ. ಹಿಡಿದರೂ, ಅತಿ ತೆಳುವಾದ ಆ ಕ್ರೋಮ್ ಕೆಳಗಿನ ಅಲೆಗಳನ್ನು ಮುಚ್ಚುವುದಿಲ್ಲ, ಮುಂದೊಮ್ಮೆ ಬಫಿಂಗ್ ಮಾಡಿಸುವ ಅವಕಾಶವನ್ನೂ ಇಲ್ಲವಾಗಿಸುತ್ತದೆ.